ಹಲ್ಲನ್ನು ಕಟ್ಟಿ ಮರೆಯಾಗುವ ಪ್ರೋಟೀನು: ಲೀಡ್ಸ್, ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್‌ಗಳ ಒಂದು ವಿಜ್ಞಾನ ವೃತ್ತಾಂತ



‘ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ’ ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗನಿರಲಾರ. ನಮ್ಮ ಹಿರಿಯರು ಇದನ್ನು ಭಾಗ್ಯದ ವಿಪರ್ಯಾಸವನ್ನು ಕುರಿತು ಹೇಳಿದರೂ, ಗಾದೆಯ ಬುಡದಲ್ಲಿ ಒಂದು ಶರೀರಶಾಸ್ತ್ರದ ಸತ್ಯವೂ ಇದೆ. ಮುರಿದ ಮೂಳೆ ಕೂಡುತ್ತದೆ, ಗಾಯವಾದ ಚರ್ಮ ಮಾಯುತ್ತದೆ, ಕತ್ತರಿಸಿದ ಉಗುರು ಮತ್ತೆ ಬೆಳೆಯುತ್ತದೆ. ಸವೆದ ಹಲ್ಲಿನ ಹೊರಕವಚ ಮಾತ್ರ ಮರಳಿ ಬಾರದು. ಏಕೆ ಬಾರದು ಎಂಬ ಪ್ರಶ್ನೆಯನ್ನು ಬೆನ್ನಟ್ಟಿದ ವಿದ್ವಾಂಸರ ಕಥೆಯ ಹಲವು ಅಧ್ಯಾಯಗಳು ನಾವು ನೆಲೆಸಿರುವ ಈ ಊರುಗಳಲ್ಲಿಯೇ, ಲೀಡ್ಸ್, ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್, ಲೆಸ್ಟರ್‌ಗಳಲ್ಲಿ ನಡೆದಿವೆ. ಆ ಕಥೆಯ ಒಂದು ತಿರುವಿನಲ್ಲಿ ನಮ್ಮ ಭಾರತದ ಗಂಡಸರೇ ಸಾಕ್ಷಿಗಳಾಗಿ ನಿಂತು, ಇಲ್ಲಿನ ವಿಜ್ಞಾನದ ಒಂದು ನಂಬಿಕೆಯನ್ನು ತಿದ್ದಿದರು. ಅದನ್ನೇ ಇಂದು ತಮ್ಮ ಮುಂದೆ ನಿವೇದಿಸಬೇಕೆಂದು ನಮ್ಮ ಅಪೇಕ್ಷೆ.

ಒಮ್ಮೆ ಮಾತ್ರ ನಡೆಯುವ ಕಟ್ಟಡದ ಕೆಲಸ

ಮೊದಲಿಗೆ ವಿಷಯದ ಪರಿಚಯ. ಹಲ್ಲಿನ ಹೊರಮೈಗೆ ಹೊಳಪನ್ನೂ ಗಡಸುತನವನ್ನೂ ಕೊಡುವ ಪದರವನ್ನು ಎನಾಮೆಲ್ ಎನ್ನುತ್ತೇವೆ. ಮಾನವ ಶರೀರದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಬೇರೊಂದಿಲ್ಲ. ತೂಕದ ಲೆಕ್ಕದಲ್ಲಿ ಇದರ ಸುಮಾರು 96 ಭಾಗ ಶುದ್ಧ ಖನಿಜ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್‌ಗಳಿಂದಾದ ನೀಳವಾದ ಹರಳುಗಳು ಒತ್ತೊತ್ತಾಗಿ ನಿಂತು ಈ ಪದರವಾಗಿದೆ. ಉಳಿದದ್ದು ನೀರು ಮತ್ತು ಅತ್ಯಲ್ಪ ಪ್ರಮಾಣದ ಪ್ರೋಟೀನು.

ಆದರೆ ಹಲ್ಲು ಇನ್ನೂ ವಸಡಿನೊಳಗೆ ರೂಪುಗೊಳ್ಳುತ್ತಿರುವಾಗ ಸ್ಥಿತಿ ಹೀಗಿರುವುದಿಲ್ಲ. ಆಗ ಎನಾಮೆಲ್ ಮೆತ್ತಗೆ, ಗಿಣ್ಣಿನಂತೆ ಇರುತ್ತದೆ; ಅದರಲ್ಲಿ ಪ್ರೋಟೀನು ಧಾರಾಳವಾಗಿರುತ್ತದೆ. ಆ ಪ್ರೋಟೀನುಗಳ ಪೈಕಿ ಹತ್ತರಲ್ಲಿ ಒಂಬತ್ತು ಪಾಲು ಒಂದೇ ಬಗೆಯದು. ಅದರ ಹೆಸರು ಅಮೆಲೊಜೆನಿನ್. ಎನಾಮೆಲನ್ನು ಕಟ್ಟುವ ಜೀವಕೋಶಗಳು ಅದನ್ನು ಸುರಿಸುತ್ತವೆ. ಅದು ಹರಳುಗಳಿಗೆ ದಾರಿ ತೋರಿಸುತ್ತದೆ. ಬಳಿಕ ಎರಡು ಕಿಣ್ವಗಳು ಬಂದು ಅದನ್ನು ಚೂರುಚೂರಾಗಿ ಕತ್ತರಿಸಿ ತೆಗೆದುಹಾಕುತ್ತವೆ. ತೆರವಾದ ಜಾಗವನ್ನೆಲ್ಲ ಹರಳು ದಪ್ಪವಾಗಿ ಬೆಳೆದು ತುಂಬುತ್ತದೆ. ಮನೆ ಕಟ್ಟುವವರು ಕಾಂಕ್ರೀಟು ಗಟ್ಟಿಯಾಗುವವರೆಗೆ ಹಲಗೆ ಕಟ್ಟಿ, ಆಮೇಲೆ ಅದನ್ನು ಬಿಚ್ಚಿಹಾಕುವುದನ್ನು ನಾವೆಲ್ಲ ನೋಡಿದ್ದೇವೆ. ಅಮೆಲೊಜೆನಿನ್ನಿನದೂ ಅಂತಹುದೇ ಕೆಲಸ. ಹಲ್ಲು ವಸಡನ್ನು ಸೀಳಿ ಹೊರಬರುವ ವೇಳೆಗೆ ಅದನ್ನು ಕಟ್ಟಿದ ಜೀವಕೋಶಗಳೂ ಅಳಿದುಹೋಗಿರುತ್ತವೆ. ಮೇಸ್ತ್ರಿಯೂ ಇಲ್ಲ, ಹಲಗೆಯೂ ಇಲ್ಲ. ಆದ್ದರಿಂದಲೇ ಮುಂದೆ ದುರಸ್ತಿಯೂ ಇಲ್ಲ.

ಕೂದಲಿನ ನಂಟೆಂದು ತಿಳಿದ ಕಾಲ

ಎನಾಮೆಲನ್ನು ಕಟ್ಟುವ ಜೀವಕೋಶಗಳು ಚರ್ಮದ ಕುಲಕ್ಕೆ ಸೇರಿದವು. ಹೀಗಾಗಿ ಅವು ಹೊರಸೂಸುವ ಪ್ರೋಟೀನು ಕೂದಲು ಉಗುರುಗಳಲ್ಲಿರುವ ಕೆರಾಟಿನ್ ಆಗಿರಬೇಕೆಂದು ಇಪ್ಪತ್ತನೆಯ ಶತಮಾನದ ಮೊದಲರ್ಧದ ಪಂಡಿತರು ಬಹುಕಾಲ ನಂಬಿದ್ದರು. ಲಂಡನ್ನಿನ ಶಸ್ತ್ರವೈದ್ಯರ ರಾಯಲ್ ಕಾಲೇಜಿನಲ್ಲಿ ಕೆಲಸ ಮಾಡುತ್ತಿದ್ದ ಜೆ. ಇ. ಈಸ್ಟೋ ಅವರು ಬೆಳೆಯುತ್ತಿರುವ ಎನಾಮೆಲಿನ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಲೆಕ್ಕಹಾಕಿ, 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಇದರಲ್ಲಿ ಪ್ರೋಲಿನ್ ಎಂಬ ಅಮೈನೋ ಆಮ್ಲ ಸುಮಾರು ಕಾಲು ಭಾಗದಷ್ಟಿತ್ತು. ಇದು ಕೆರಾಟಿನ್ನೂ ಅಲ್ಲ, ಮೂಳೆಯ ಕೊಲ್ಯಾಜೆನ್ನೂ ಅಲ್ಲ. ಹಲ್ಲಿಗೇ ಮೀಸಲಾದ ಹೊಸದೊಂದು ಪ್ರೋಟೀನಿನ ಬಳಗವೆಂಬುದು ಸ್ಪಷ್ಟವಾಯಿತು. 1965ರಲ್ಲಿ ಈಸ್ಟೋ ಅವರೇ ಇದಕ್ಕೆ ಅಮೆಲೊಜೆನಿನ್ ಎಂದು ನಾಮಕರಣ ಮಾಡಿದರು.

ಆ ಕಾಲದ ಇಂಗ್ಲೆಂಡಿನ ಹಲ್ಲುಗಳ ಸ್ಥಿತಿಯನ್ನೂ ಇಲ್ಲಿ ನೆನೆಯಬೇಕು. 1968ರಲ್ಲಿ ನಡೆದ ಸಮೀಕ್ಷೆಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ವಯಸ್ಕರಲ್ಲಿ ಶೇಕಡ 37 ಮಂದಿಗೆ ಒಂದೂ ಸ್ವಂತ ಹಲ್ಲಿರಲಿಲ್ಲ. ನಮ್ಮ ಸಮುದಾಯದ ಮೊದಲ ವೈದ್ಯರು ಅರವತ್ತರ ದಶಕದಲ್ಲಿ ಇಲ್ಲಿಗೆ ಬಂದಿಳಿದಾಗ ಕಂಡ ರೋಗಿಗಳು ಇಂತಹವರು. 2009ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಆ ಪ್ರಮಾಣ ಶೇಕಡ 6ಕ್ಕೆ ಇಳಿದಿತ್ತು. ಹಲ್ಲಿನ ಸಂಶೋಧನೆ ಈ ನಾಡಿಗೆ ಜನಜೀವನದ ಪ್ರಶ್ನೆಯಾಗಿತ್ತೆಂಬುದಕ್ಕೆ ಈ ಅಂಕಿಗಳೇ ಸಾಕ್ಷಿ.

ಲೀಡ್ಸ್‌ನಲ್ಲಿ ಇಲಿಯ ಹಲ್ಲು

ಹೆಸರೇನೋ ಸಿಕ್ಕಿತು, ಆದರೆ ವಸ್ತುವನ್ನು ಹಿಡಿದು ನೋಡುವುದು ಹೇಗೆ? ಬೆಳೆದ ಮನುಷ್ಯನ ಹಲ್ಲಿನಲ್ಲಿ ಅದರ ಅಲ್ಪ ಅವಶೇಷ ಮಾತ್ರ ಇರುತ್ತದೆ. ಲೀಡ್ಸ್ ವಿಶ್ವವಿದ್ಯಾಲಯದ ಜಾನ್ ವೆದರೆಲ್ ಮತ್ತು ಕಾಲಿನ್ ರಾಬಿನ್ಸನ್ ಅವರ ತಂಡ ಇದಕ್ಕೆ ಇಲಿಯ ಬಾಚಿಹಲ್ಲನ್ನು ಹಿಡಿಯಿತು. ಇಲಿಯ ಬಾಚಿಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ. ಆದುದರಿಂದ ಬುಡದಲ್ಲಿ ಈಗತಾನೇ ಹುಟ್ಟಿದ ಎನಾಮೆಲ್, ತುದಿಯಲ್ಲಿ ಪೂರ್ಣ ಬಲಿತ ಎನಾಮೆಲ್, ನಡುವೆ ಎಲ್ಲ ಹಂತಗಳೂ ಒಂದೇ ಹಲ್ಲಿನಲ್ಲಿ ಸಾಲಾಗಿ ದೊರೆಯುತ್ತವೆ. ಒಂದೇ ತೆನೆಯಲ್ಲಿ ಹೂವು, ಹಾಲುಗಾಳು, ಬಲಿತ ಕಾಳು ಮೂರನ್ನೂ ಕಂಡಂತೆ. ಈ ಹಲ್ಲನ್ನು ಸಣ್ಣ ಸಣ್ಣ ತುಣುಕುಗಳಾಗಿ ಬಿಡಿಸಿ ಪ್ರತಿಯೊಂದರ ಖನಿಜ, ಪ್ರೋಟೀನುಗಳನ್ನು ಅಳೆದು 1975ರಲ್ಲಿ ಅವರು ಪ್ರಕಟಿಸಿದ ಬರಹ, ಪ್ರೋಟೀನು ಹೇಗೆ ಹೆಚ್ಚಿ ಹೇಗೆ ಕ್ಷೀಣಿಸುತ್ತದೆಂಬ ಚಿತ್ರವನ್ನು ಕೊಟ್ಟಿತು. ಆ ಪರಂಪರೆಯನ್ನು ಲೀಡ್ಸ್‌ನಲ್ಲಿ ಜೆನಿಫರ್ ಕರ್ಕಮ್, ರೋಜರ್ ಶೋರ್, ಸ್ಟೀವನ್ ಬ್ರೂಕ್ಸ್ ಮೊದಲಾದವರು ಮುಂದುವರಿಸಿದರು.

ಇಲಿಯಲ್ಲದೆ, ಕಸಾಯಿಖಾನೆಗಳಿಂದ ತಂದ ಕರು ಮತ್ತು ಹಂದಿಗಳ ಹುಟ್ಟದ ಹಲ್ಲುಗಳೂ ಸಂಶೋಧಕರಿಗೆ ಆಧಾರವಾಗಿದ್ದವು. ಇಂದಿಗೂ ವಸಡಿನ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ, ಸ್ವೀಡನ್ನಿನಲ್ಲಿ ಹುಟ್ಟಿದ ಎಮ್ಡೊಗೇನ್ ಎಂಬ ಔಷಧಿ ಹಂದಿಯ ಎಳೆಯ ಹಲ್ಲಿನ ಇದೇ ಪ್ರೋಟೀನುಗಳಿಂದ ತಯಾರಾಗುತ್ತದೆ. ನಮ್ಮಲ್ಲಿ ಅನೇಕರು ಸಸ್ಯಾಹಾರಿಗಳು. ಇಂತಹ ಚಿಕಿತ್ಸೆಯ ಮಾತು ಬಂದಾಗ ಅದರ ಮೂಲವೇನೆಂದು ವೈದ್ಯರನ್ನು ಕೇಳಿ ತಿಳಿಯುವುದು ಸಂಕೋಚದ ಸಂಗತಿಯೇನಲ್ಲ. ನಂಬಿಕೆಯ ಮಾತು ಹಾಗಿರಲಿ, ವಿಜ್ಞಾನಕ್ಕೂ ಈ ಮೂಲದಿಂದ ತೊಡಕಿತ್ತು. ಪ್ರಾಣಿಯ ಹಲ್ಲಿನಿಂದ ತೆಗೆದದ್ದು ಯಾವಾಗಲೂ ಮಿಶ್ರಣ: ಇಡಿಯ ಅಮೆಲೊಜೆನಿನ್, ಕಿಣ್ವಗಳು ಕತ್ತರಿಸಿದ ಅದರ ಚೂರುಗಳು, ಜೊತೆಗೆ ಬೇರೆ ಪ್ರೋಟೀನುಗಳು. ಯಾವ ಕೆಲಸವನ್ನು ಯಾರು ಮಾಡಿದರೆಂದು ಹೇಳುವುದೆಂತು?

ಹೆಪ್ಪು ಹಾಕಿ ಪಡೆದ ಪ್ರೋಟೀನು

ಉತ್ತರ ಬಂದದ್ದು ಅಟ್ಲಾಂಟಿಕ್ ಸಾಗರದ ಆಚೆಯಿಂದ. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಮಾಲ್ಕಮ್ ಸ್ನೀಡ್, ಹೆರಾಲ್ಡ್ ಸ್ಲಾವ್ಕಿನ್ ಮತ್ತವರ ಸಂಗಡಿಗರು 1983ರಲ್ಲಿ ಸಣ್ಣಿಲಿಯ ಅಮೆಲೊಜೆನಿನ್ನಿನ ತಳಿಸಂದೇಶದ ಪ್ರತಿಯನ್ನು ಪಡೆದು, 1985ರಲ್ಲಿ ಅದರ ಅಕ್ಷರಕ್ರಮವನ್ನು ಓದಿದರು. 1994ರಲ್ಲಿ ಜೇಮ್ಸ್ ಸಿಮ್ಮರ್ ಮತ್ತು ಸಹೋದ್ಯೋಗಿಗಳು ಆ ಸಂದೇಶವನ್ನು ಇ. ಕೊಲೈ ಎಂಬ ಬ್ಯಾಕ್ಟೀರಿಯದೊಳಗೆ ಇಟ್ಟು, ಅದರಿಂದಲೇ ಅಮೆಲೊಜೆನಿನ್ ತಯಾರಿಸಿ ಶುದ್ಧಗೊಳಿಸಿದ ವಿವರವನ್ನು ಪ್ರಕಟಿಸಿದರು. ಇದಕ್ಕೆ ಪುನಸ್ಸಂಯೋಜಿತ ಪ್ರೋಟೀನು ಎಂದು ಹೆಸರು.

ಈ ತಂತ್ರ ನಮ್ಮ ಮನೆಗಳಿಗೆ ಹೊಸತೇನಲ್ಲ. ನಮ್ಮಲ್ಲಿ ಎಷ್ಟೋ ಕುಟುಂಬಗಳ ಹಿರಿಯರು ಪ್ರತಿದಿನ ಚುಚ್ಚಿಕೊಳ್ಳುವ ಮಾನವ ಇನ್ಸುಲಿನ್ 1982ರಲ್ಲಿ ಈ ದೇಶದಲ್ಲಿಯೂ ಅಮೆರಿಕದಲ್ಲಿಯೂ ಮಂಜೂರಾಗಿ, ಬ್ಯಾಕ್ಟೀರಿಯದ ಕೈಯಲ್ಲಿ ತಯಾರಾಗತೊಡಗಿತು; ಅದಕ್ಕೆ ಮೊದಲು ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯೇ ಆಧಾರವಾಗಿತ್ತು. ವಿಧಾನವನ್ನು ಮನೆಮಾತಿನಲ್ಲಿ ಹೇಳುವುದಾದರೆ ಹೆಪ್ಪು ಹಾಕಿದಂತೆ. ಬೇಕಾದ ಪ್ರೋಟೀನಿನ ಸಂದೇಶವನ್ನು ಬ್ಯಾಕ್ಟೀರಿಯದ ಒಂದು ಪುಟ್ಟ ಡಿ.ಎನ್.ಎ. ಬಳೆಗೆ ಸೇರಿಸಿ, ಬೆಚ್ಚಗಿನ ಪೋಷಕದ್ರವದಲ್ಲಿ ಬಿಡುತ್ತಾರೆ. ಅನುಕೂಲ ಸ್ಥಿತಿಯಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಅದು ಇಮ್ಮಡಿಸುತ್ತದೆ. ಸಾಕಷ್ಟು ಬೆಳೆದ ಮೇಲೆ ಒಂದು ರಾಸಾಯನಿಕ ಸೂಚನೆ ಕೊಟ್ಟರೆ ಎಲ್ಲ ಬ್ಯಾಕ್ಟೀರಿಯಗಳೂ ಆ ಒಂದು ಪ್ರೋಟೀನನ್ನು ಮಾಡತೊಡಗುತ್ತವೆ. ಬಳಿಕ ಅವನ್ನು ಒಡೆದು ರಸವನ್ನು ಸೋಸಬೇಕು. ಅಮೆಲೊಜೆನಿನ್ನಿಗೆ ಒಂದು ಸುಗುಣವಿದೆ: ಬಿಸಿ ಮಾಡಿದ ಹುಳಿದ್ರವದಲ್ಲಿ ಬ್ಯಾಕ್ಟೀರಿಯದ ಇತರ ಪ್ರೋಟೀನುಗಳು ಹಾಲೊಡೆದಂತೆ ಗಡ್ಡೆಗಟ್ಟಿ ತಳಕ್ಕಿಳಿದರೆ, ಅಮೆಲೊಜೆನಿನ್ ತಿಳಿಯಲ್ಲಿ ಕರಗಿ ಉಳಿಯುತ್ತದೆ. ಅದನ್ನು ಮತ್ತಷ್ಟು ಶೋಧಿಸಿ, ಶೀತದಲ್ಲಿ ಒಣಗಿಸಿದರೆ ಬಿಳಿಯ ಪುಡಿ ಸಿಗುತ್ತದೆ.

ಮಾನವನ ಅಮೆಲೊಜೆನಿನ್ನಿನ ಪ್ರಧಾನ ರೂಪದಲ್ಲಿ 175 ಅಮೈನೋ ಆಮ್ಲಗಳಿವೆ. ಬ್ಯಾಕ್ಟೀರಿಯದಲ್ಲಿ ತಯಾರಿಸಿ ಪ್ರಯೋಗಶಾಲೆಗಳಲ್ಲಿ ಬಳಸುವ ರೂಪದಲ್ಲಿ ಮೊದಲನೆಯದೊಂದು ಬಿಟ್ಟುಹೋಗಿ 174 ಇರುತ್ತವೆ. ಇನ್ನೊಂದು ಕೊರತೆಯೂ ಉಂಟು: ಮನುಷ್ಯನ ಜೀವಕೋಶ ಈ ಸರಪಳಿಯ 16ನೆಯ ಕೊಂಡಿಗೆ ಒಂದು ಫಾಸ್ಫೇಟನ್ನು ತೊಡಿಸುತ್ತದೆ, ಬ್ಯಾಕ್ಟೀರಿಯಕ್ಕೆ ಆ ಕಸುಬು ಗೊತ್ತಿಲ್ಲ. ಆದ್ದರಿಂದ ಶುದ್ಧವಾದರೂ ಇದು ಮೂಲದ ಯಥಾವತ್ ಪ್ರತಿಯಲ್ಲವೆಂಬುದನ್ನು ಸಂಶೋಧಕರು ಮರೆಯುವಂತಿಲ್ಲ. ಇದು ಪ್ರಯೋಗದ ಸಾಧನವೇ ಹೊರತು ಔಷಧಿಯಲ್ಲ.

ಈ ಪುಡಿಯಿಂದ ಆದ ಲಾಭವೇನು? ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳುವ ಅವಕಾಶ. ಶುದ್ಧ ಅಮೆಲೊಜೆನಿನ್ ನೀರಿನಲ್ಲಿ ತಾನಾಗಿಯೇ ಒಟ್ಟುಗೂಡಿ ಸುಮಾರು 20 ನ್ಯಾನೋಮೀಟರಿನ ಗುಂಡುಗಳಾಗುತ್ತದೆಂದು 1994ರಲ್ಲಿ ತಿಳಿಯಿತು. ಒಂದು ಮಿಲಿಮೀಟರಿನಲ್ಲಿ ಅಂತಹ ಐವತ್ತು ಸಾವಿರ ಗುಂಡುಗಳನ್ನು ಸಾಲಾಗಿ ಇಡಬಹುದು. ಒಂದೇ ಒಂದು ಅಮೈನೋ ಆಮ್ಲವನ್ನು ಬದಲಿಸಿದರೆ ಏನಾಗುತ್ತದೆ, ಬಾಲದ ತುದಿಯನ್ನು ಕತ್ತರಿಸಿದರೆ ಹರಳಿಗೆ ಅಂಟುತ್ತದೆಯೇ ಇಲ್ಲವೇ ಎಂಬುದನ್ನೆಲ್ಲ ಇನ್ನು ನೇರವಾಗಿ ಪರೀಕ್ಷಿಸಬಹುದಾಯಿತು. ಲೀಡ್ಸ್‌ನ ತಂಡ ಪರಮಾಣು ಬಲ ಸೂಕ್ಷ್ಮದರ್ಶಕದಿಂದ ಬೆಳೆಯುವ ಎನಾಮೆಲ್ ಹರಳುಗಳ ಮೈಯನ್ನು ತಡವಿ ನೋಡಿ, ಅಲ್ಲಿ ವಿದ್ಯುದಂಶದ ಪಟ್ಟೆಗಳಿರುವುದಕ್ಕೆ ಪುರಾವೆಯನ್ನು 2000ದಲ್ಲಿ ಪ್ರಕಟಿಸಿತು. ಪ್ರೋಟೀನು ಎಲ್ಲಿ ಹಿಡಿದುಕೊಳ್ಳುತ್ತದೆಂಬುದಕ್ಕೆ ಇದು ಒಂದು ಸುಳಿವು.

ಮಕ್ಕಳ ಹಲ್ಲು, ಮ್ಯಾಂಚೆಸ್ಟರಿನ ಇಲಿ

ಈ ಪ್ರೋಟೀನಿನ ಸಂದೇಶದಲ್ಲಿಯೇ ದೋಷವಿದ್ದರೆ? ಕೆಲವು ಮಕ್ಕಳ ಹಲ್ಲುಗಳು ಹುಟ್ಟುವಾಗಲೇ ತೆಳುವಾಗಿ, ಹಳದಿ ಅಥವಾ ಕಂದು ಬಣ್ಣವಾಗಿ, ಬೇಗನೆ ಪುಡಿಪುಡಿಯಾಗುತ್ತವೆ. ತಣ್ಣೀರು ತಾಗಿದರೂ ನೋವು. ಇದಕ್ಕೆ ವೈದ್ಯರು ಅಮೆಲೊಜೆನೆಸಿಸ್ ಇಂಪರ್ಫೆಕ್ಟ ಎನ್ನುತ್ತಾರೆ; ದೇಶದಿಂದ ದೇಶಕ್ಕೆ 700ರಲ್ಲಿ ಒಬ್ಬರಿಂದ 14,000ದಲ್ಲಿ ಒಬ್ಬರವರೆಗೆ ಇದು ಕಂಡುಬಂದಿದೆ. ಇಂತಹ ಮಗುವಿನ ತಾಯಿಗೆ ನೆಂಟರಿಷ್ಟರು ಹೇಳುವ ಮಾತು ತಮಗೆಲ್ಲ ಗೊತ್ತು: ‘ಮಗುವಿಗೆ ಸರಿಯಾಗಿ ಹಲ್ಲುಜ್ಜಿಸಿಲ್ಲ, ಮಿಠಾಯಿ ತಿನ್ನಿಸಿದ್ದೀಯೆ’ ಎಂದು. ಆ ತಾಯಿಯ ತಪ್ಪೇನೂ ಇಲ್ಲ. ದೋಷ ಹುಟ್ಟಿನಿಂದ ಬಂದದ್ದು. ಸಮಾಜದ ಈ ಹಗುರ ಮಾತಿಗೆ ವಿಜ್ಞಾನ ಕೊಟ್ಟ ಉತ್ತರವನ್ನು ನಾವು ಗಟ್ಟಿಯಾಗಿ ಹೇಳಬೇಕಾಗಿದೆ.

ಅಮೆಲೊಜೆನಿನ್ನಿನ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿದೆ. ಅದರಲ್ಲಿನ ಲೋಪದಿಂದ ಈ ರೋಗ ಬರುವುದೆಂದು 1991ರಲ್ಲಿ ಮೊದಲು ತೋರಿಸಿದವರು ಸ್ವೀಡನ್ನಿನ ವಿಜ್ಞಾನಿಗಳು. ಗಂಡುಮಕ್ಕಳಿಗೆ ಎಕ್ಸ್ ಒಂದೇ ಇರುವುದರಿಂದ ಹಲ್ಲು ಪೂರ್ತಿ ಕೆಡುತ್ತದೆ. ಹೆಣ್ಣುಮಕ್ಕಳಲ್ಲಿ ಒಳ್ಳೆಯ ಎನಾಮೆಲ್ ಮತ್ತು ಕೆಟ್ಟ ಎನಾಮೆಲ್‌ಗಳು ಸೀರೆಯ ಪಟ್ಟೆಗಳಂತೆ ಉದ್ದುದ್ದವಾಗಿ ಕಾಣಿಸಿಕೊಳ್ಳುತ್ತವೆ.

ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಮೈಕೆಲ್ ಡಿಕ್ಸನ್ ಅವರ ತಂಡ, ಲೀಡ್ಸ್‌ನವರೊಡನೆ ಸೇರಿ, 2010ರಲ್ಲಿ ಇಂತಹ ಒಂದು ಸಣ್ಣಿಲಿಯ ತಳಿಯನ್ನು ವರ್ಣಿಸಿತು. ಅದರ ಅಮೆಲೊಜೆನಿನ್ನಿನಲ್ಲಿ 64ನೆಯ ಸ್ಥಾನದ ಟೈರೊಸಿನ್ ಹೋಗಿ ಹಿಸ್ಟಿಡಿನ್ ಬಂದಿತ್ತು. ಅಷ್ಟೇ ವ್ಯತ್ಯಾಸದಿಂದ ಪ್ರೋಟೀನು ಜೀವಕೋಶದಿಂದ ಹೊರಬರಲಾರದೆ ಒಳಗೇ ಸಿಕ್ಕಿಕೊಂಡು, ಕೊನೆಗೆ ಜೀವಕೋಶವೇ ಸಾಯುತ್ತಿತ್ತು. 2014ರಲ್ಲಿ ಇದೇ ಎರಡು ಊರುಗಳ ವಿದ್ವಾಂಸರು, ಬೇರೊಂದು ರೋಗಕ್ಕಾಗಿ ಬಳಕೆಯಲ್ಲಿದ್ದ ಫಿನೈಲ್ ಬ್ಯೂಟಿರೇಟ್ ಎಂಬ ಔಷಧಿಯನ್ನು ಈ ದೋಷವಿದ್ದ ಹೆಣ್ಣಿಲಿಗಳಿಗೆ ಕೊಟ್ಟಾಗ ಎನಾಮೆಲ್ ಸುಧಾರಿಸಿತೆಂದು ವರದಿ ಮಾಡಿದರು. ಇಲಿಯಿಂದ ಮಗುವಿನವರೆಗಿನ ದಾರಿ ದೂರದ್ದು. ಆದರೂ ರೋಗದ ಕಾರಣ ಜೀವಕೋಶದ ಒಳಗಿನ ಇಕ್ಕಟ್ಟೆಂದು ಗೊತ್ತಾದದ್ದು ಸಣ್ಣ ಸಂಗತಿಯಲ್ಲ.

ಅಮೆಲೊಜೆನಿನ್ ಒಂದರಿಂದಲೇ ಈ ರೋಗ ಬರುವುದಿಲ್ಲ. ಲೀಡ್ಸ್‌ನ ಕ್ರಿಸ್ ಇಂಗಲ್‌ಹರ್ನ್ ಮತ್ತು ಅಲನ್ ಮೈಘೆಲ್ ಅವರ ಬಳಗ 2009ರಲ್ಲಿ ಡಬ್ಲ್ಯು.ಡಿ.ಆರ್. 72 ಎಂಬ ವಂಶವಾಹಿಯನ್ನೂ, ಮುಂದಿನ ವರ್ಷಗಳಲ್ಲಿ ಇನ್ನೂ ಹಲವನ್ನೂ ಈ ರೋಗದೊಡನೆ ಜೋಡಿಸಿತು. ಅದೇ ಲೀಡ್ಸ್‌ನಲ್ಲಿ ಮತ್ತೊಂದು ಕವಲೂ ಒಡೆಯಿತು. ಅಮಾಲಿಯಾ ಅಗೆಲಿ, ನೆವಿಲ್ ಬೋಡನ್ ಮೊದಲಾದವರು 1997ರಲ್ಲಿ ತಾವಾಗಿ ಜೋಡಿಕೊಂಡು ಪಟ್ಟಿಯಾಗುವ ಕಿರುಪ್ರೋಟೀನುಗಳನ್ನು ಬಣ್ಣಿಸಿದ್ದರು. 11 ಅಮೈನೋ ಆಮ್ಲಗಳ ಅಂತಹದೊಂದು ಕಿರುಸರಪಳಿ, ಹುಳುಕು ಈಗತಾನೇ ತೊಡಗಿದ ಎನಾಮೆಲಿನಲ್ಲಿ ಖನಿಜವನ್ನು ಮರಳಿ ಕೂಡಿಸಲು ನೆರವಾಗುತ್ತದೆಂದು ಕರ್ಕಮ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು. 2013ರಲ್ಲಿ 15 ಮಂದಿ ವಯಸ್ಕರ ಮೇಲೆ ನಡೆದ ಸುರಕ್ಷತಾ ಪರೀಕ್ಷೆಯ ವರದಿ ಬಂದಿತು. ಈ ಸರಪಳಿ ಬ್ಯಾಕ್ಟೀರಿಯದ್ದಲ್ಲ, ರಾಸಾಯನಿಕವಾಗಿ ಹೆಣೆದದ್ದು. ಆದರೆ ಅದರ ಹಿಂದೆ ಇರುವುದು, ನಿಸರ್ಗದ ಪ್ರೋಟೀನು ಮಾಡುವ ಕೆಲಸವನ್ನು ಅನುಸರಿಸಬೇಕೆಂಬ ಅದೇ ಹಂಬಲ.

ಬರ್ಮಿಂಗ್‌ಹ್ಯಾಮಿನ ನಲ್ಲಿ, ಪಾವಗಡದ ಬೋರ್‌ವೆಲ್

ಇನ್ನು ಬರ್ಮಿಂಗ್‌ಹ್ಯಾಮಿನ ಮಾತು. 1964ರಲ್ಲಿ ಈ ನಗರ ತನ್ನ ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸತೊಡಗಿತು. ಬ್ರಿಟನ್ನಿನ ದೊಡ್ಡ ನಗರಗಳಲ್ಲಿ ಇದೇ ಮೊದಲು. ಲೀಟರಿಗೆ ಒಂದು ಮಿಲಿಗ್ರಾಂ ಗುರಿ. ಮ್ಯಾಂಚೆಸ್ಟರ್, ಲೀಡ್ಸ್‌ಗಳ ನೀರಿಗೆ ಹಾಗೆ ಬೆರೆಸಿಲ್ಲ. ಹುಳುಕು ಹಲ್ಲಿನ ಮಕ್ಕಳ ಸಂಖ್ಯೆಯನ್ನು ಹೋಲಿಸುವಾಗ ವಾಯವ್ಯ ಇಂಗ್ಲೆಂಡಿಗಿಂತ ಪಶ್ಚಿಮ ಮಿಡ್‌ಲ್ಯಾಂಡ್ಸ್ ಮೇಲೆಂದು ಎಣಿಸಲಾಗುತ್ತ ಬಂದಿದೆ.

ನಮ್ಮ ಪೈಕಿ ಪಾವಗಡ, ಬಾಗೇಪಲ್ಲಿ, ಮುಂಡರಗಿಗಳ ಕಡೆಯಿಂದ ಬಂದವರಿಗೆ ಫ್ಲೋರೈಡ್ ಎಂಬ ಹೆಸರು ಬೇರೆಯೇ ನೆನಪನ್ನು ತರುತ್ತದೆ. ಅಲ್ಲಿ ಅದು ಯಾರೂ ಬೆರೆಸಿದ್ದಲ್ಲ; ಶಿಲೆಯಿಂದಲೇ ಅಂತರ್ಜಲಕ್ಕೆ ಇಳಿದದ್ದು. ಭಾರತದಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಕುಡಿಯಲು ತಕ್ಕದ್ದೆಂದು ಮಾನಕ ಸಂಸ್ಥೆ ಒಪ್ಪುವುದಿಲ್ಲ. ಆಳದ ಬೋರ್‌ವೆಲ್‌ಗಳ ನೀರು ಎಷ್ಟೋ ಹಳ್ಳಿಗಳಲ್ಲಿ ಆ ಗೆರೆಯನ್ನು ದಾಟಿದೆ. 1937ರಲ್ಲಿಯೇ ಎಚ್. ಇ. ಶಾರ್ಟ್ ಮತ್ತು ಸಂಗಡಿಗರು ಆಗಿನ ಮದರಾಸು ಪ್ರಾಂತದ ನೆಲ್ಲೂರಿನಿಂದ ಮೂಳೆಗಳನ್ನು ಬಗ್ಗಿಸುವ ಈ ರೋಗವನ್ನು ವರದಿ ಮಾಡಿದ್ದರು. ಹಲ್ಲಿನ ಮೇಲೆ ಅದು ಬಿಡುವ ಗುರುತು ಕಂದು ಕಲೆ.

ಈ ಕಲೆಗೂ ನಮ್ಮ ಪ್ರೋಟೀನಿಗೂ ಸಂಬಂಧವಿದೆ. ಎನಾಮೆಲ್ ಬಲಿಯುವ ಕಾಲದಲ್ಲಿ ಫ್ಲೋರೈಡ್ ಅತಿಯಾದರೆ ಅಮೆಲೊಜೆನಿನ್ ಹೊರಹೋಗುವುದು ತಡವಾಗುತ್ತದೆ. ಹಲಗೆಯನ್ನು ಬಿಚ್ಚುವುದರೊಳಗೆ ಕಟ್ಟಡದ ಕೆಲಸ ನಿಂತಂತೆ. ಎನಾಮೆಲ್ ರಂಧ್ರಮಯವಾಗಿ, ಮಂಕಾಗಿ ಉಳಿದು, ಹಲ್ಲು ಹೊರಬಂದ ಮೇಲೆ ಬಣ್ಣ ಹೀರುತ್ತದೆ. ಬಾಲ್ಯದ ನೀರು ಬರೆದ ಈ ಬರಹ ಮ್ಯಾಂಚೆಸ್ಟರಿನಲ್ಲಿ ನಲವತ್ತು ವರ್ಷ ಬಾಳಿದರೂ ಅಳಿಸುವುದಿಲ್ಲ. ಹಿರಿಯರೊಬ್ಬರು ಫೋಟೋ ತೆಗೆಯುವಾಗ ತುಟಿ ಮುಚ್ಚಿ ನಗುವುದನ್ನು ಕಂಡರೆ, ಅದನ್ನು ಎಲೆಯಡಿಕೆಯ ಕಲೆಯೆಂದು ನಾವು ಸುಲಭವಾಗಿ ತೀರ್ಮಾನಿಸಬಾರದು.

ಗಂಡಸು ಹೆಂಗಸಾದ ಪರೀಕ್ಷೆ

ಈಗ ನಾವು ಮೊದಲೇ ಸೂಚಿಸಿದ ತಿರುವಿಗೆ ಬರೋಣ. ಅಮೆಲೊಜೆನಿನ್ನಿನ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿ ಮಾತ್ರವಲ್ಲದೆ ಗಂಡಸರ ವೈ ವರ್ಣತಂತುವಿನಲ್ಲೂ ಇದೆಯೆಂದು 1989ರಲ್ಲಿ ಗೊತ್ತಾಯಿತು. ಎರಡರ ನಡುವೆ ಸಣ್ಣ ಭೇದ. ಬ್ರಿಟನ್ನಿನ ಸರ್ಕಾರಿ ನ್ಯಾಯವಿಜ್ಞಾನ ಸೇವೆಯ ಕೆವಿನ್ ಸಲಿವನ್, ಪೀಟರ್ ಗಿಲ್ ಮೊದಲಾದವರು 1993ರಲ್ಲಿ ಈ ಭೇದವನ್ನೇ ಪರೀಕ್ಷೆಯಾಗಿಸಿದರು. ಒಂದು ತುಣುಕನ್ನು ಪ್ರತಿಮಾಡಿ ನೋಡಿದಾಗ ಎಕ್ಸ್‌ನಿಂದ ಬಂದದ್ದು 106 ಅಕ್ಷರ ಉದ್ದ, ವೈ ಇಂದ ಬಂದದ್ದು 112. ಒಂದೇ ಗೆರೆ ಕಂಡರೆ ಹೆಣ್ಣು, ಎರಡು ಕಂಡರೆ ಗಂಡು. ರಕ್ತದ ಒಂದು ಚುಕ್ಕೆ ಸಾಕು.

1995ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಡಿ.ಎನ್.ಎ. ಸಂಗ್ರಹ ಪ್ರಾರಂಭವಾಯಿತು, ಇಂತಹ ರಾಷ್ಟ್ರೀಯ ಸಂಗ್ರಹ ಜಗತ್ತಿನಲ್ಲಿಯೇ ಮೊದಲನೆಯದು. ಅದನ್ನು ನಡೆಸಿದ್ದು ಬರ್ಮಿಂಗ್‌ಹ್ಯಾಮಿನಲ್ಲಿದ್ದ ಅದೇ ನ್ಯಾಯವಿಜ್ಞಾನ ಸೇವೆ. ಪ್ರತಿ ವ್ಯಕ್ತಿಯ ದಾಖಲೆಯಲ್ಲಿ ಆರು ಗುರುತುಗಳ ಜೊತೆಗೆ ಅಮೆಲೊಜೆನಿನ್ನಿನ ಗಂಡು ಹೆಣ್ಣಿನ ಗುರುತೂ ಸೇರಿತು. ಆ ಸೇವೆ 2012ರಲ್ಲಿ ಮುಚ್ಚಿತು. ಅಮೆಲೊಜೆನಿನ್ ಪರೀಕ್ಷೆ ಮಾತ್ರ ಲೋಕವ್ಯಾಪಿಯಾಗಿ ಉಳಿದಿದೆ. ಹಲ್ಲಿನ ಪ್ರೋಟೀನಿನ ಹೆಸರು ಹೀಗೆ ಪೊಲೀಸು ಕಡತದಲ್ಲಿ ನಿಂತಿತು.

ಪರೀಕ್ಷೆಯ ಹಿಂದೆ ಒಂದು ಮೌನ ನಂಬಿಕೆಯಿತ್ತು: ಪ್ರತಿಯೊಬ್ಬ ಗಂಡಸಿನ ವೈ ವರ್ಣತಂತುವಿನಲ್ಲಿಯೂ ಈ ವಂಶವಾಹಿ ಇದ್ದೇ ಇರುತ್ತದೆ ಎಂಬುದು. 1998ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು 24 ಮಂದಿ ಶ್ರೀಲಂಕಾದ ಗಂಡಸರನ್ನು ಪರೀಕ್ಷಿಸಿದಾಗ ಇಬ್ಬರಲ್ಲಿ ಅದು ಕಾಣಲಿಲ್ಲ. 24 ಸಣ್ಣ ಸಂಖ್ಯೆ. ಅಷ್ಟರಿಂದ ಪ್ರಮಾಣ ಹೇಳಲಾಗದು. 2002ರಲ್ಲಿ ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರದ ಕೆ. ತಂಗರಾಜ್, ಲಾಲ್‌ಜಿ ಸಿಂಗ್ ಮತ್ತು ಸಹೋದ್ಯೋಗಿ 270 ಮಂದಿ ಭಾರತೀಯ ಗಂಡಸರನ್ನು ಪರೀಕ್ಷಿಸಿದರು. 5 ಮಂದಿ, ಅಂದರೆ ಶೇಕಡ 1.85, ಪರೀಕ್ಷೆಯ ಪ್ರಕಾರ ಹೆಂಗಸರು! ಅವರು ಎಲ್ಲ ರೀತಿಯಿಂದಲೂ ಗಂಡಸರೇ. ಅವರ ವೈ ವರ್ಣತಂತುವಿನ ಒಂದು ತುಂಡು ಪೂರ್ವಿಕರ ಕಾಲದಲ್ಲಿಯೇ ಬಿಟ್ಟುಹೋಗಿತ್ತು, ಅಷ್ಟೇ.

ಕಥೆ ಮರಳಿ ಮಿಡ್‌ಲ್ಯಾಂಡ್ಸಿಗೆ ಬಂದಿತು. 1984ರಲ್ಲಿ ಅಲೆಕ್ ಜೆಫ್ರಿಸ್ ಅವರು ಡಿ.ಎನ್.ಎ. ಬೆರಳಚ್ಚನ್ನು ಕಂಡುಹಿಡಿದ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿಯೇ ಮಾರ್ಕ್ ಜಾಬ್ಲಿಂಗ್ ಮತ್ತು ಸಂಗಡಿಗರು 2007ರಲ್ಲಿ ಈ ಲೋಪದ ಸ್ವರೂಪವನ್ನು ವಿವರಿಸಿದರು. ಒಂದನ್ನೊಂದು ಹೋಲುವ ಎರಡು ಕಡೆಗಳ ನಡುವೆ ವರ್ಣತಂತು ತಪ್ಪಾಗಿ ಬೆಸೆದುಕೊಂಡು, ನಡುವಿನ ಸುಮಾರು ಮೂವತ್ತು ಲಕ್ಷ ಅಕ್ಷರಗಳು ಕಳಚಿಹೋಗುತ್ತವೆ. ಇದು ಬೇರೆ ಬೇರೆ ವಂಶಗಳಲ್ಲಿ ಮತ್ತೆ ಮತ್ತೆ ಆಗಿದೆಯಾದರೂ, ದಕ್ಷಿಣ ಏಷ್ಯದಲ್ಲಿ ಹೆಚ್ಚಾಗಿ ಕಾಣುವುದು ಒಂದೇ ಪಿತೃಶಾಖೆಯಲ್ಲಿ. ಇಂತಹವರ ಹಲ್ಲಿಗೆ ಕೊರತೆಯಿಲ್ಲ. ಎನಾಮೆಲಿಗೆ ಬೇಕಾದ ಪ್ರೋಟೀನಿನ ಬಹುಪಾಲನ್ನು ಎಕ್ಸ್ ವರ್ಣತಂತುವೇ ಪೂರೈಸುತ್ತದೆ.

ಹಲ್ಲಿಗೆ ಹಾನಿಯಿಲ್ಲವೆಂದರೆ ಮನುಷ್ಯನಿಗೂ ಹಾನಿಯಿಲ್ಲವೆಂದಲ್ಲ. ಅಪರಾಧದ ಸ್ಥಳದಲ್ಲಿ ದೊರೆತ ರಕ್ತವನ್ನು ಹೆಂಗಸಿನದೆಂದು ತೀರ್ಮಾನಿಸಿದರೆ ತನಿಖೆ ದಾರಿ ತಪ್ಪುತ್ತದೆ. ತಪ್ಪಿತಸ್ಥ ತಪ್ಪಿಸಿಕೊಳ್ಳಬಹುದು, ನಿರಪರಾಧಿ ಸಿಲುಕಬಹುದು. ಅಪಘಾತದಲ್ಲಿ ಗುರುತು ಸಿಗದ ದೇಹ ತನ್ನ ಕುಟುಂಬವನ್ನು ಸೇರದೆ ಉಳಿಯಬಹುದು. ಗಂಡುಮಕ್ಕಳಿಗೆ ಮಾತ್ರ ತಗಲುವ ಕುಲರೋಗವನ್ನು ಗರ್ಭದಲ್ಲಿ ಪತ್ತೆಮಾಡುವಾಗ ವೈದ್ಯರು ಮೋಸಹೋಗಬಹುದು. ಆದ್ದರಿಂದಲೇ ಅಮೆಲೊಜೆನಿನ್ನೊಂದನ್ನೇ ನಂಬದೆ, ಎಸ್.ಆರ್.ವೈ. ಎಂಬ ವಂಶವಾಹಿ ಮತ್ತು ವೈ ವರ್ಣತಂತುವಿನ ಇತರ ಗುರುತುಗಳನ್ನೂ ನೋಡಬೇಕೆಂದು ವಿಜ್ಞಾನಿಗಳು ಸಲಹೆ ಮಾಡಿದರು. ಬಳಿಕ ಬಂದ ಹಲವು ಪರೀಕ್ಷಾ ಸಾಮಗ್ರಿಗಳಲ್ಲಿ ಅಂತಹ ಗುರುತು ಸೇರಿದೆ.

ಹಳೆಯ ಹಲ್ಲು, ಹೊಸ ಪಾಠ

ಈ ಎಚ್ಚರಿಕೆ ಪುರಾತತ್ತ್ವಕ್ಕೂ ಅನ್ವಯಿಸುತ್ತದೆ. ಎನಾಮೆಲಿನಲ್ಲಿ ಸಿಕ್ಕಿಕೊಂಡು ಉಳಿದ ಅಮೆಲೊಜೆನಿನ್ನಿನ ಚೂರುಗಳು ಸಹಸ್ರಾರು ವರ್ಷ ಬಾಳುತ್ತವೆ. ಅವನ್ನು ಆಮ್ಲದ ಲಘು ಸ್ಪರ್ಶದಿಂದ ತೆಗೆದು, ಎಕ್ಸ್ ಬಗೆಯದೋ ವೈ ಬಗೆಯದೋ ನೋಡಿ, ಅಸ್ಥಿಪಂಜರ ಗಂಡಿನದೋ ಹೆಣ್ಣಿನದೋ ಹೇಳುವ ವಿಧಾನವನ್ನು 2017ರಲ್ಲಿ ಬ್ರೈಟನ್ ಮತ್ತು ಡರಮ್ ವಿಶ್ವವಿದ್ಯಾಲಯಗಳ ವಿದ್ವಾಂಸರು ಪ್ರಕಟಿಸಿದರು. ಇಟಲಿಯ ಮೊದೆನಾದಲ್ಲಿ ಕೈ ಕೈ ಹಿಡಿದು ಮಲಗಿದ್ದ, ‘ಪ್ರೇಮಿಗಳು’ ಎಂದು ಹೆಸರಾಗಿದ್ದ ಎರಡು ಅಸ್ಥಿಪಂಜರಗಳು ಇಬ್ಬರು ಗಂಡಸರವೆಂದು 2019ರಲ್ಲಿ ತಿಳಿದದ್ದು ಹೀಗೆಯೇ. ಆದರೆ ವೈ ಚೂರು ಕಂಡರೆ ಗಂಡೆಂಬುದು ಎಷ್ಟು ಖಚಿತವೋ, ಕಾಣದಿದ್ದರೆ ಹೆಣ್ಣೆಂಬುದು ಅಷ್ಟು ಖಚಿತವಲ್ಲ. ನಾಳೆ ನಮ್ಮ ದಕ್ಷಿಣ ಭಾರತದ ಶಿಲಾಸಮಾಧಿಯೊಂದರ ಹಲ್ಲನ್ನು ಹೀಗೆ ಪರೀಕ್ಷಿಸುವವರು ಆ ಐದು ಮಂದಿಯನ್ನು ನೆನೆಯಲೇಬೇಕು.

ಬಂಧುಗಳೇ, ಈ ವೃತ್ತಾಂತದಿಂದ ನಾವು ಎರಡು ಮಾತುಗಳನ್ನು ಮನೆಗೆ ಕೊಂಡೊಯ್ಯಬಹುದು. ಮೊದಲನೆಯದು, ಬ್ಯಾಕ್ಟೀರಿಯ ಮಾಡಿಕೊಟ್ಟ ಪುಡಿಯಿಂದ ಹೊಸ ಹಲ್ಲನ್ನು ಬೆಳೆಸುವ ದಿನ ಇನ್ನೂ ಬಂದಿಲ್ಲ. ಇರುವ ಎನಾಮೆಲನ್ನು ಉಳಿಸಿಕೊಳ್ಳುವುದೇ ಜಾಣತನ; ಮಗುವಿನ ಹಲ್ಲು ಮೂಡುವಾಗಲೇ ಬಣ್ಣಗೆಟ್ಟು ತೆಳುವಾಗಿ ಕಂಡರೆ ತಾಯಿಯನ್ನು ದೂರದೆ ದಂತವೈದ್ಯರಲ್ಲಿಗೆ ಕರೆದೊಯ್ಯಬೇಕು. ಎರಡನೆಯದು, ಮನುಷ್ಯನ ಪ್ರೋಟೀನು, ಮನುಷ್ಯನ ವಂಶವಾಹಿ ಎಂದು ಪುಸ್ತಕಗಳು ಹೇಳುವಾಗ ಆ ಮನುಷ್ಯ ಯಾರೆಂದು ಕೇಳುವ ಹಕ್ಕು ನಮಗಿದೆ. ಆ ಲೆಕ್ಕದಲ್ಲಿ ಸೇರುವ ಹೊಣೆಯೂ ನಮ್ಮದೇ. ಆಸ್ಪತ್ರೆ, ವಿಶ್ವವಿದ್ಯಾಲಯಗಳಿಂದ ವೈದ್ಯಕೀಯ ಸಂಶೋಧನೆಗೆ ಆಹ್ವಾನ ಬಂದಾಗ ‘ನಮಗೇಕೆ ಈ ಉಸಾಬರಿ’ ಎಂದು ಕಾಗದವನ್ನು ಮಡಿಸಿಡುವವರು ನಮ್ಮಲ್ಲಿ ಬಹಳ. ವಿವರಗಳನ್ನು ಓದಿ, ಪ್ರಶ್ನೆ ಕೇಳಿ, ಮನಸ್ಸು ಒಪ್ಪಿದರೆ ಸೇರೋಣ. 270 ಮಂದಿ ತಮ್ಮ ರಕ್ತದ ಹನಿಯನ್ನು ಕೊಟ್ಟದ್ದರಿಂದ ಒಂದು ಲೋಕವ್ಯಾಪಿ ಪರೀಕ್ಷೆಯ ದೋಷ ಬಯಲಾಯಿತು.

 ಊಟದ ಹೊತ್ತಾಯಿತು. ಕೋಸಂಬರಿಯ ಕಡಲೆಬೇಳೆ ಎಲೆಯ ಮೇಲೆ ಕಾದಿದೆ. ಹಲ್ಲೂ ಇದೆ, ಕಡಲೆಯೂ ಇದೆ. ಎರಡೂ ಕೂಡಿದ ಈ ಗಳಿಗೆಯನ್ನು ವ್ಯರ್ಥಮಾಡದೆ ಏಳೋಣ.